ಕೈಗೂ ಒಂದು ಪಾಠ ಬೇಕು



ಮಕ್ಕಳ ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತು. ಇನ್ನು ಎಂಟು ದಿನ ಕಳೆದರೆ ಸಾಕು, ನಮ್ಮ ಕಟ್ಟಡಗಳ ಗೇಟಿಗೆ, ಲಿಫ್ಟಿನ ಬಾಗಿಲಿಗೆ, ಬೆಳಗಿನ ಪತ್ರಿಕೆಯ ಮಡಿಕೆಯೊಳಗೆ ಬಣ್ಣಬಣ್ಣದ ಕರಪತ್ರಗಳು ಬಂದು ಬೀಳುತ್ತವೆ. ರೋಬೋಟ್ ತಯಾರಿಕೆ, ಕುಂಬಾರಿಕೆ, ಕೇಕ್ ತಯಾರಿಕೆ, ಕಾಗದದ ಕಲೆ, ವಿಜ್ಞಾನ ಪ್ರಯೋಗ ಹೀಗೆ ಒಂದೇ ಎರಡೇ! ಹತ್ತು ದಿನದ ಶಿಬಿರ, ಹನ್ನೊಂದನೆಯ ದಿನ ಸರ್ಟಿಫಿಕೇಟು. ಎಲ್ಲದರಲ್ಲೂ 'ಮಾಡಿ ಕಲಿಯಿರಿ' ಎಂಬ ಮಾತು ದಪ್ಪ ಅಕ್ಷರದಲ್ಲಿರುತ್ತದೆ. ಶುಲ್ಕ ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನು ಫೋನ್ ಮಾಡಿಯೇ ಕೇಳಬೇಕು, ಕೇಳಿದ ಮೇಲೆ ಕುರ್ಚಿ ಹುಡುಕಿ ಕುಳಿತುಕೊಳ್ಳಬೇಕು!

ಈ ಕರಪತ್ರಗಳ ಕಾಲದಲ್ಲೇ ಡೊಂಬಿವಲಿಯಿಂದ ನಮ್ಮ ಓದುಗ ಸೋದರಿಯೊಬ್ಬರು ಫೋನ್ ಮಾಡಿದ್ದರು. ಅವರ ಮಗ ಜೂನಿನಲ್ಲಿ ಒಂಬತ್ತನೆಯ ತರಗತಿಗೆ ಹೋಗುತ್ತಾನೆ. ಎರಡು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ಒಂದು ತರಗತಿಗೆ ಹೋಗುತ್ತಿದ್ದಾನೆ. ಅಲ್ಲಿ ಮಕ್ಕಳು ಮರದ ತುಂಡು, ತಂತಿ, ಬ್ಯಾಟರಿ, ಹಳೆಯ ಮೋಟಾರು ಇಟ್ಟುಕೊಂಡು ಏನಾದರೊಂದನ್ನು ಮಾಡುತ್ತಾರೆ. ಹುಡುಗನ ಮಾರ್ಕು ಸಾಧಾರಣ. ಆದರೆ ಮನೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಟೇಬಲ್ ಫ್ಯಾನನ್ನು ಬಿಚ್ಚಿ, ಮತ್ತೆ ಜೋಡಿಸಿ, ತಿರುಗಿಸಿ ತೋರಿಸಿದ್ದಾನೆ. ಈಗ ಮನೆಯ ಯಜಮಾನರು, "ಆಟ ಸಾಕು, ಶನಿವಾರವೂ ಕೋಚಿಂಗಿಗೆ ಹೋಗಲಿ" ಎನ್ನುತ್ತಿದ್ದಾರಂತೆ.

"ಅಕ್ಕ, ಅವರು ಹನ್ನೆರಡನೆಯ ವಯಸ್ಸಿಗೆ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆದವರು. ಈಗ ಸ್ವಂತ ಕ್ಯಾಂಟೀನು ಇದೆ. ನನ್ನ ಕೈ ಸವೆದದ್ದು ಸಾಕು, ಮಗನ ಕೈ ಪೆನ್ನು ಮಾತ್ರ ಹಿಡಿಯಲಿ ಅಂತಾರೆ. ಅವರ ಮಾತಿಗೆ ಎದುರು ಹೇಳುವುದು ಹೇಗೆ?" ಎಂದು ಆ ಸೋದರಿ ಕೇಳಿದರು.

ಎದುರು ಹೇಳುವುದು ಸುಲಭವಲ್ಲ, ನಿಜ. ಆ ತಂದೆಯ ಮಾತಿನಲ್ಲಿ ನಮ್ಮೆಲ್ಲರ ಮನೆತನಗಳ ಕಥೆ ಇದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಕೈ ಒರೆಸಿಕೊಂಡು, ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಗಳ ಬೆಂಚಿನಲ್ಲಿ ಕುಳಿತು ಎಸ್.ಎಸ್.ಸಿ. ಪಾಸು ಮಾಡಿದವರು. ಅವರಿಗೆ ಕೈಕೆಲಸವೆಂದರೆ ಹೊಟ್ಟೆಪಾಡು, ಪುಸ್ತಕವೆಂದರೆ ಬಿಡುಗಡೆ. ಕೈಯಿಂದ ಪೆನ್ನಿನವರೆಗಿನ ದಾರಿ ನಡೆಯಲು ನಮಗೆ ಒಂದೆರಡು ತಲೆಮಾರು ಹಿಡಿದಿದೆ. ಮಗ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಕುಳಿತರೆ ಅಂಥವರ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಆದರೆ ಇಂದಿನ ಮಗುವಿನ ಕೈಗಳು ದಿನವಿಡೀ ಏನು ಮಾಡುತ್ತವೆ, ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ. ಚೀಲ ಎತ್ತುತ್ತವೆ, ಫಲಕದ ಮೇಲಿದ್ದುದನ್ನು ವಹಿಗೆ ಇಳಿಸುತ್ತವೆ, ಸಂಜೆ ಟ್ಯೂಷನ್ನಿನಲ್ಲಿ ಮತ್ತೆ ಬರೆಯುತ್ತವೆ, ರಾತ್ರಿ ಮೊಬೈಲಿನ ಗಾಜನ್ನು ಉಜ್ಜುತ್ತವೆ. ಅಷ್ಟೇ. ಊರಿನಲ್ಲಿ ನಾವು ತೆಂಗಿನ ಗರಿಯಲ್ಲಿ ಪೀಪಿ ಮಾಡಿದೆವು, ಕೈಗಡಿಯಾರ ಮಾಡಿದೆವು, ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡೆವು, ಬಾಳೆನಾರಿನಲ್ಲಿ ಹೂ ಕಟ್ಟಿದೆವು. ಮುಂಬಯಿಯ ಚಾಳಿನಲ್ಲಿ ಬೆಳೆದ ಮಕ್ಕಳು ದೀಪಾವಳಿಗೆ ಮಣ್ಣಿನ ಕಿಲ್ಲಾ ಕಟ್ಟುತ್ತಿದ್ದರು, ಬಿದಿರ ಕಡ್ಡಿಗೆ ಪತಂಗದ ಕಾಗದ ಅಂಟಿಸಿ ಕಂದೀಲು ಮಾಡುತ್ತಿದ್ದರು. ಅದಕ್ಕೆ ಯಾರೂ ತರಗತಿ ಎಂದು ಹೆಸರಿಡಲಿಲ್ಲ, ಫೀಸು ಕೇಳಲಿಲ್ಲ. ಇಂದು ಹೆಚ್ಚಿನ ಮನೆಗಳಿಗೆ ಕಂದೀಲು ಅಂಗಡಿಯಿಂದ ಬರುತ್ತದೆ. ಚಾಳು ಹೋಗಿ ಟವರ್ ಬಂದ ಕಡೆ ಮಣ್ಣೂ ಇಲ್ಲ. ಹಾಗಾಗಿಯೇ ಕೈಗೆ ಒಂದು ತರಗತಿ ಬೇಕಾಗಿದೆ.

ನಾನು ಬಿ.ಎ. ಓದುತ್ತಿದ್ದಾಗ ಚಾರ್ಲ್ಸ್ ಡಿಕನ್ಸನ 'ಹಾರ್ಡ್ ಟೈಮ್ಸ್' ಕಾದಂಬರಿ ಓದಿದ್ದೆ. ಅದು 1854ರದ್ದು. ಅದರಲ್ಲಿ ಗ್ರ್ಯಾಡ್‌ಗ್ರೈಂಡ್ ಎಂಬ ಮಹಾಶಯ ಶಾಲೆಯಲ್ಲಿ ಒಬ್ಬ ಹುಡುಗಿಯನ್ನು, ಕುದುರೆ ಎಂದರೇನು, ಹೇಳು ಎಂದು ಕೇಳುತ್ತಾನೆ. ಆಕೆಯ ತಂದೆ ಸರ್ಕಸ್ಸಿನವನು. ಹುಡುಗಿ ಬೆಳೆದದ್ದೇ ಕುದುರೆಗಳ ನಡುವೆ. ಆದರೂ ಪಾಪ, ಆಕೆಗೆ ವ್ಯಾಖ್ಯೆ ಹೇಳಲು ಬರುವುದಿಲ್ಲ. ಪಕ್ಕದ ಸಾಲಿನ ಹುಡುಗನೊಬ್ಬ ಎದ್ದು ನಾಲ್ಕು ಕಾಲು, ನಲವತ್ತು ಹಲ್ಲು ಎಂದೆಲ್ಲ ಗಿಣಿಪಾಠ ಒಪ್ಪಿಸುತ್ತಾನೆ. ಮೇಷ್ಟರ ಪ್ರಕಾರ ಕುದುರೆ ಗೊತ್ತಿರುವುದು ಅವನಿಗೆ! ಡಿಕನ್ಸ್ ನಗಿಸಿದ್ದು ಇಂಗ್ಲೆಂಡಿನವರನ್ನು. ನೂರ ಎಪ್ಪತ್ತು ವರ್ಷಗಳ ಮೇಲೆ ನಮ್ಮ ಕೋಚಿಂಗ್ ಕ್ಲಾಸುಗಳ ಮುಂದೆ ನಿಂತು ಆ ಪುಟ ಓದಿದರೆ ನಗು ಬರುವುದಿಲ್ಲ.

ನಮ್ಮವರೇ ಇದನ್ನು ಚೆನ್ನಾಗಿ ತಿಳಿದಿದ್ದರು. ನಮ್ಮ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದಲ್ಲಿ 'ಬಾಲವನ' ಕಟ್ಟಿ, ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದರು. ಅದೇ ಕಾಲದಲ್ಲಿ, 1937ರಲ್ಲಿ, ಗಾಂಧೀಜಿ ವರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದು, ಒಂದು ಕೈಕಸುಬಿನ ಸುತ್ತ ಓದು ಬೆಳೆಯಬೇಕೆಂಬ ವಿಚಾರ ಮುಂದಿಟ್ಟರು. ಇಲ್ಲೇ ನಮ್ಮ ಹತ್ತಿರ, ಪಶ್ಚಿಮ ರೈಲ್ವೆಯ ಡಹಾಣು ಕಡೆಯ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ 1945ರಲ್ಲಿ ಬಾಲಶಿಕ್ಷಣದ ಕೇಂದ್ರ ತೆರೆದರು. ಆಮೇಲೆ ಅನುತಾಯಿ ವಾಘ್ ಅವರೊಡನೆ ಕೋಸ್‌ಬಾಡಿನಲ್ಲಿ ಆದಿವಾಸಿ ಮಕ್ಕಳಿಗಾಗಿ ದುಡಿದರು. ವಿದೇಶದ ದುಬಾರಿ ಸಾಮಾನುಗಳ ಬದಲು ಕಪ್ಪೆಚಿಪ್ಪು, ಬೀಜ, ಬೆಣಚುಕಲ್ಲುಗಳಲ್ಲೇ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. 1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಬಂತು. ಕೈಯಿಂದ ಕಲಿಯಲು ಹಣವಂತರೇ ಆಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನೊಂದು ಉದಾಹರಣೆ ಕೇಳಿ. ಅರವಿಂದ ಗುಪ್ತಾ ಎಂಬವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಪುಣೆಯ ಟೆಲ್ಕೋ ಕಾರ್ಖಾನೆ ಸೇರಿದ್ದ ಇಂಜಿನಿಯರ್. 1978ರಲ್ಲಿ ಅವರು ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಶುರುವಾಗಿದ್ದ ವಿಜ್ಞಾನ ಕಾರ್ಯಕ್ರಮದಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯುತ್ತಿದ್ದರು. ವಾರದ ಸಂತೆಯಲ್ಲಿ ಗುಪ್ತಾ ಅವರ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ವಾಲ್ವ್ ಟ್ಯೂಬು. ಅದರ ಚೂರುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ತ್ರಿಕೋನ, ಚೌಕ, ಮನೆ, ಗೋಪುರ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಈ ಬೆಂಕಿಕಡ್ಡಿಯ ಆಟವನ್ನು ನೀವು ಮನೆಯಲ್ಲೇ ಮಾಡಿಸಬಹುದು. ಕಡ್ಡಿಯ ತುದಿಯ ಮದ್ದನ್ನು ಕೆರೆದು ತೆಗೆದುಬಿಡಿ. ಮೂರು ಕಡ್ಡಿ ಜೋಡಿಸಿದರೆ ತ್ರಿಕೋನ; ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಬೆರಳು ತಾಗಿಸಿದರೆ ಸಾಕು, ಓರೆಯಾಗಿ ಕುಸಿಯುತ್ತದೆ. ಅದೇ ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಉದ್ದದ ಕಡ್ಡಿ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮರುದಿನ ಲೋಕಲಿನ ಕಿಟಕಿಯಿಂದ ವಿದ್ಯುತ್ ಗೋಪುರಗಳನ್ನು, ಕಬ್ಬಿಣದ ಸೇತುವೆಗಳನ್ನು ತೋರಿಸಿ. "ಅಮ್ಮಾ, ಅಲ್ಲೆಲ್ಲ ತ್ರಿಕೋನ ಇದೆ!" ಎಂದು ಮಗುವೇ ಹೇಳುತ್ತದೆ. ಈ ಮಾತನ್ನು ಪುಸ್ತಕದಲ್ಲಿ ಓದಿ ಪಾಠ ಮಾಡಿದ ಮಗು ಪರೀಕ್ಷೆ ಮುಗಿದ ಸಂಜೆಯೇ ಮರೆಯಬಹುದು. ಚೌಕ ಕುಸಿದದ್ದನ್ನು ತನ್ನ ಬೆರಳಿನಲ್ಲಿ ಕಂಡ ಮಗು ಮರೆಯುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. 'ಮಾಡಿ ಕಲಿ' ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಒಳಗೆ ಮಕ್ಕಳು ಮಾಡುತ್ತಿದ್ದಾರೆಂದು ತಿಳಿಯಬೇಡಿ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ 1981ರಿಂದ ಆರನೆಯ ಮತ್ತು ಒಂಬತ್ತನೆಯ ತರಗತಿಯವರಿಗಾಗಿ ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ನಡೆಸುತ್ತಿದೆ. ಬರೆಯುವ ಪರೀಕ್ಷೆಯ ಜೊತೆಗೆ ಪ್ರಯೋಗ ಪರೀಕ್ಷೆಯೂ ಇರಲಿ, ಮಗು ಸ್ವತಃ ಒಂದು ಯೋಜನೆ ಮಾಡಲಿ ಎಂಬ ಉದ್ದೇಶ ಎಷ್ಟು ಚೆಂದದ್ದು! ನಾವು ಪಾಲಕರು ಏನು ಮಾಡಿದೆವು? ಆ ಪ್ರಯೋಗ ಪರೀಕ್ಷೆಗೂ ಕೋಚಿಂಗ್ ಹುಡುಕಿದೆವು. ಮಗುವಿನ ಕೈ ತಾನಾಗಿ ಹುಡುಕಬೇಕಾದ ಉತ್ತರವನ್ನೂ ಫೀಸು ಕೊಟ್ಟು ಬಾಯಿಪಾಠ ಮಾಡಿಸಿದೆವು.

ಹಾಗಾದರೆ ಒಳ್ಳೆಯ ತರಗತಿಯನ್ನು ಗುರುತಿಸುವುದು ಹೇಗೆ? ನನಗೆ ತಿಳಿದ ನಾಲ್ಕು ಗುರುತುಗಳನ್ನು ಹೇಳುತ್ತೇನೆ.

ಮೊದಲನೆಯದು, ಶಿಬಿರದ ಕೊನೆಯ ದಿನ ಮೇಜಿನ ಮೇಲೆ ಜೋಡಿಸಿಟ್ಟ ವಸ್ತುಗಳನ್ನು ನೋಡಿ. ಇಪ್ಪತ್ತು ಮಕ್ಕಳ ಇಪ್ಪತ್ತು ಮಡಕೆಗಳೂ ಒಂದೇ ಅಚ್ಚಿನಂತೆ ನುಣುಪಾಗಿದ್ದರೆ ಅವನ್ನು ಮಾಡಿದ್ದು ಟೀಚರು. ಒಂದು ಸೊಟ್ಟ, ಒಂದು ದಪ್ಪ, ಒಂದಕ್ಕೆ ಬಿರುಕು ಇದ್ದರೆ ಧೈರ್ಯವಾಗಿ ಹಣ ಕಟ್ಟಿ. ಎರಡನೆಯದು, ಹಾಳು ಮಾಡುವ ಸ್ವಾತಂತ್ರ್ಯ. ಕೆಟ್ಟರೆ ಮತ್ತೊಂದು ಕಾಗದ, ಮತ್ತೊಂದು ಹಿಡಿ ಮಣ್ಣು ಸಿಗುತ್ತದೆಯೇ ಎಂದು ಕೇಳಿ. ಮೂರನೆಯದು, ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಕತ್ತರಿ, ಸುತ್ತಿಗೆ, ಒಲೆ ಇರುವ ಕಡೆ ನಲವತ್ತು ಮಕ್ಕಳನ್ನು ಕೂರಿಸಿದರೆ ಯಾವ ಟೀಚರೂ ಉಪಕರಣವನ್ನು ಮಕ್ಕಳ ಕೈಗೆ ಕೊಡಲಾರರು, ಕೊಡಲೂಬಾರದು. ನಾಲ್ಕನೆಯದು, ವಯಸ್ಸು. ಆರೇಳು ವರ್ಷದ ಮಗುವಿಗೆ ಮಣ್ಣು, ಕಾಗದ, ಹಿಟ್ಟು ಸಾಕು. ಹತ್ತು ಹನ್ನೆರಡಕ್ಕೆ ಸೂಜಿ, ಗರಗಸ, ಬ್ಯಾಟರಿ ಬರಲಿ. ಹದಿನಾಲ್ಕು ದಾಟಿದವರಿಗೆ ಆಟಿಕೆ ಮಾಡಿಸಿದರೆ ಅವರಿಗೆ ನಾಚಿಕೆ. ನಾಲ್ಕು ಜನರಿಗೆ ಉಪಯೋಗವಾಗುವ ನಿಜವಾದ ಕೆಲಸ ಕೊಡಿ.

ಮುಂಬಯಿಯಲ್ಲಿ ಇದಕ್ಕೆ ಜಾಗಗಳಿಗೇನು ಬರ? ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ 1979ರಲ್ಲೇ ಮಕ್ಕಳ ವಿಜ್ಞಾನ ಉದ್ಯಾನ ಶುರುವಾಯಿತು, 1985ರಲ್ಲಿ ಕೇಂದ್ರವೂ ತೆರೆಯಿತು. ಅಲ್ಲಿನ ಉಪಕರಣಗಳನ್ನು ಎಳೆದು, ತಳ್ಳಿ, ತಿರುಗಿಸಿ ನೋಡಬೇಕು. ಚುನಾಭಟ್ಟಿಯಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಇದೆ. 1966ರಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ಮಕ್ಕಳಿಗೆ ಮರಾಠಿ ಹೇಗೂ ಬರುತ್ತದಲ್ಲ! ಗೋರೆಗಾಂವ್ ಫಿಲ್ಮ್ ಸಿಟಿಯ ಪಕ್ಕ, 1883ರಷ್ಟು ಹಳೆಯದಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಶಿಕ್ಷಣ ಕೇಂದ್ರವಿದೆ. ಕಾಡಿನಲ್ಲಿ ನಡೆಸಿಕೊಂಡು ಹೋಗಿ ಎಲೆ, ಹುಳ, ಹಕ್ಕಿ ತೋರಿಸುತ್ತಾರೆ. ಕೋಟೆಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಅಂಗಳದಲ್ಲಿ 2019ರಿಂದ ಮಕ್ಕಳಿಗೆಂದೇ ಬೇರೆ ಸಂಗ್ರಹಾಲಯವಿದೆ. ಹೋಗುವ ಮೊದಲು ಫೋನ್ ಮಾಡಿ ದಿನ, ವೇಳೆ, ಶುಲ್ಕ ಕೇಳಿಕೊಂಡು ಹೋಗಿ. ಸರ್ಕಾರವೂ ಈಗ ಎಚ್ಚೆತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಆರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಬೇಕೆಂದು ಹೇಳಿದೆ. ನಿಮ್ಮ ಮಗುವಿನ ಶಾಲೆಯಲ್ಲಿ ಆ ಹತ್ತು ದಿನ ಹೇಗೆ ಕಳೆಯಿತೆಂದು ಪಾಲಕರ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಇನ್ನು ಆ ತಂದೆಯ ಮಾತಿಗೆ ಬರೋಣ. ಸೋದರಿಗೆ ನಾನು ಹೇಳಿದ್ದು ಇಷ್ಟು. ಕೋಚಿಂಗ್ ಬೇಡವೆನ್ನುವುದಿಲ್ಲ. ಹತ್ತನೆಯ ತರಗತಿ ಯಾರನ್ನೂ ಬಿಟ್ಟಿದ್ದಲ್ಲ. ವಾರದ ಐದು ದಿನ ಓದಲಿ, ಶನಿವಾರದ ಆ ಎರಡು ಗಂಟೆಯನ್ನು ಮಾತ್ರ ಕಿತ್ತುಕೊಳ್ಳಬೇಡಿ. ಸಾಧಾರಣ ಮಾರ್ಕಿನ ಹುಡುಗನಿಗೆ ತಾನು ಜಾಣನೆಂದು ಅನಿಸುವ ಜಾಗ ವಾರದಲ್ಲಿ ಅದೊಂದೇ ಇರಬಹುದು. ಅದನ್ನೂ ತೆಗೆದರೆ ಉಳಿದ ಐದು ದಿನದ ಓದಿಗೆ ಅವನಿಗೆ ಉತ್ಸಾಹ ಬರುವುದು ಎಲ್ಲಿಂದ? ಹತ್ತನೆಯ ತರಗತಿಯ ಆಚೆ ಮೂರು ವರ್ಷದ ಡಿಪ್ಲೊಮಾ ಇದೆ; ಅದನ್ನು ಮುಗಿಸಿದವರಿಗೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಇದೆ. ನಮ್ಮ ಮಾಟುಂಗದ ವಿ.ಜೆ.ಟಿ.ಐ. 1887ರಷ್ಟು ಹಿಂದಿನದು. ಫ್ಯಾನು ಬಿಚ್ಚಿದ ಕೈಗೆ ಅಲ್ಲೆಲ್ಲ ಬೆಲೆಯಿದೆ.

ಇನ್ನೊಂದು ಮಾತನ್ನೂ ಹೇಳಿದೆ. ಒಂದು ಭಾನುವಾರ ಹುಡುಗನನ್ನು ತಂದೆಯ ಕ್ಯಾಂಟೀನಿಗೆ ಕಳುಹಿಸಿ, ದುಡಿಯಲಿಕ್ಕಲ್ಲ, ನೋಡಿ ಕಲಿಯಲಿಕ್ಕೆ. ದೋಸೆ ಕಾವಲಿಗೆ ಅವನ ತಂದೆ ನೀರು ಚಿಮುಕಿಸುವುದನ್ನು ಅವನು ಗಮನಿಸಲಿ. ಹನಿ 'ಚುಂಯ್' ಎಂದು ಕೂಡಲೇ ಆರಿಹೋದರೆ ಕಾವಲಿ ಹದಕ್ಕೆ ಬಂದಿದೆ. ಹನಿ ಮುತ್ತಿನಂತೆ ಗುಂಡಗಾಗಿ ಆಚೆ ಈಚೆ ಓಡಾಡಿದರೆ ಕಾವು ಮೀರಿದೆ, ಹಿಟ್ಟು ಹರಡುವುದಿಲ್ಲ. ಹೆಚ್ಚು ಬಿಸಿಯಲ್ಲಿ ಹನಿ ಬೇಗ ಆರಬೇಕಿತ್ತಲ್ಲ, ಹೆಚ್ಚು ಹೊತ್ತು ಉಳಿಯುವುದೇಕೆ? ಹನಿಯ ಅಡಿಭಾಗ ತಟ್ಟನೆ ಆವಿಯಾಗಿ ಮೇಲಿನ ನೀರಿಗೆ ಮೆತ್ತೆಯಂತಾಗುತ್ತದೆ. ಕಾವಲಿಯ ಕಾವು ನೇರವಾಗಿ ತಾಗುವುದಿಲ್ಲ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲಿ ಇದನ್ನು ಬರೆದಿಟ್ಟ, ಅವನ ಹೆಸರೇ ಅದಕ್ಕೆ ನಿಂತಿತು. ನಮ್ಮ ಹೋಟೆಲಿನ ಭಟ್ಟರಿಗೆ, ಶೆಟ್ಟರಿಗೆ ಆ ಹೆಸರು ಗೊತ್ತಿಲ್ಲದಿರಬಹುದು, ವಿಷಯ ಕೈಗೆ ಗೊತ್ತು. ಗ್ಲಾಸು ತೊಳೆದ ಕೈ ಸವೆದದ್ದು ನಿಜ, ಆದರೆ ಅದು ಎಷ್ಟೊಂದು ಕಲಿತಿದೆ! ಅಪ್ಪನ ಕೈಯ ವಿದ್ಯೆಯನ್ನು ಮಗ ಒಮ್ಮೆ ಬೆರಗಿನಿಂದ ನೋಡಿದರೆ ಅಪ್ಪನಿಗೂ ತನ್ನ ಕೈಯ ಮೇಲಿನ ಬೇಸರ ಸ್ವಲ್ಪ ಕಳೆಯಬಹುದು. ಮುಂದಿನದು ಅವರ ಮನೆಯ ತೀರ್ಮಾನ.

ಕೈಗೆ ಕೆಲಸ ಸಿಕ್ಕಾಗ ನಾಲಿಗೆಗೂ ಮಾತು ಸಿಗುತ್ತದೆ, ಇದು ನಮ್ಮ ಸಂಘದವರು ಗಮನಿಸಬೇಕಾದ ವಿಷಯ. ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಈಗ ಮಾನಖುರ್ದಿನಲ್ಲಿದೆ. 1974ರಲ್ಲಿ ಅದು ಹುಟ್ಟಿದ್ದು ನಾನಾ ಚೌಕದ ಮುನಿಸಿಪಲ್ ಶಾಲೆಯಲ್ಲಿ. ಮುನಿಸಿಪಲ್ ಶಾಲೆಯ ಮಕ್ಕಳಿಗೆ ವಿಜ್ಞಾನ ಕಠಿಣವಾಗುವುದಕ್ಕೆ ಪುಸ್ತಕದ ಭಾಷೆಯೇ ಒಂದು ದೊಡ್ಡ ಅಡ್ಡಿ ಎಂದು ಅಲ್ಲಿನವರು ಕಂಡುಕೊಂಡರು. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದ ಅಡ್ಡಿಯೂ ಇಂಥದೇ. 'ಚಿಣ್ಣರ ಬಿಂಬ'ದವರು ಉಪನಗರಗಳ ತಮ್ಮ ಶಾಖೆಗಳಲ್ಲಿ ಹಾಡು, ಭಜನೆಗಳ ಜೊತೆಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿರುವುದು ನಿಮಗೆ ಗೊತ್ತೇ ಇದೆ. ಯಕ್ಷಗಾನ ಕಲಿಯುವ ಹುಡುಗ ಗೆಜ್ಜೆ ಕಟ್ಟುತ್ತ, ಬಣ್ಣ ಹಚ್ಚುತ್ತ ಎಷ್ಟು ಕನ್ನಡ ಕಲಿಯುತ್ತಾನೆ! 'ನುಣ್ಣಗೆ ಅರೆ', 'ಎಳೆ ಬಿಡಿಸು', 'ಹದ ನೋಡು' ಎಂಬ ಮಾತುಗಳು ವ್ಯಾಕರಣ ಪುಸ್ತಕದಿಂದ ಬರುವುದಿಲ್ಲ, ಅರೆಯುವಾಗ, ಬಿಡಿಸುವಾಗ, ಹದ ನೋಡುವಾಗ ಬರುತ್ತವೆ.

ಆದ್ದರಿಂದ ನನ್ನದೊಂದು ಸೂಚನೆ. ನಮ್ಮ ಸಂಘಗಳ ಸಭಾಗೃಹಗಳು ಭಾನುವಾರ ಬೆಳಗ್ಗೆ ಹೆಚ್ಚಾಗಿ ಖಾಲಿ ಇರುತ್ತವೆ. ನಮ್ಮಲ್ಲಿ ನಿವೃತ್ತರಾದ ಎಲೆಕ್ಟ್ರಿಷಿಯನ್ನರಿದ್ದಾರೆ, ದರ್ಜಿಗಳಿದ್ದಾರೆ, ಅಡುಗೆಯವರಿದ್ದಾರೆ. 1982ರ ಮುಷ್ಕರದ ನಂತರ ಗಿರಣಿ ಬಿಟ್ಟ ಕೆಲಸಗಾರರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ನೂಲು ಕಡಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುವ ಬೆರಳುಗಳು ಅವರವು. ಮಲ್ಲಿಗೆ ಕಟ್ಟುವ, ಉಪ್ಪಿನಕಾಯಿ ಹಾಕುವ, ರಂಗೋಲಿಗೆ ಚುಕ್ಕಿ ಎಣಿಸುವ ನಮ್ಮಂಥ ಗೃಹಿಣಿಯರಿಗೇನು ಕಡಿಮೆಯೇ? ಒಬ್ಬೊಬ್ಬರು ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕೊಟ್ಟರೆ ಸಾಕು. ಹತ್ತು ಹನ್ನೆರಡು ಮಕ್ಕಳು, ಒಂದು ಜಮಖಾನೆ, ಮನೆಯಿಂದ ತಂದ ರದ್ದಿ ಸಾಮಾನು. ಸರ್ಟಿಫಿಕೇಟು ಬೇಡ. ಮಾತೆಲ್ಲ ಕನ್ನಡದಲ್ಲಿ ನಡೆಯಲಿ. ದೊಡ್ಡ ಮಕ್ಕಳಿಗೆ ಸಂಘದ ವಾರ್ಷಿಕೋತ್ಸವದ ರಂಗಸಜ್ಜಿಕೆ, ದೀಪ, ಧ್ವನಿವರ್ಧಕದ ವ್ಯವಸ್ಥೆಯನ್ನೇ ಒಪ್ಪಿಸಿ. ಒಂದು ವರ್ಷ ಮೈಕು 'ಕುಂಯ್' ಎನ್ನಬಹುದು, ಪರದೆ ಅರ್ಧಕ್ಕೆ ನಿಲ್ಲಬಹುದು. ನಿಲ್ಲಲಿ ಬಿಡಿ. ಮುಂದಿನ ವರ್ಷ ಸಂಘಕ್ಕೆ ಬರಲು ಆ ಮಕ್ಕಳಿಗೆ ಒಂದು ಕಾರಣ ಉಳಿಯುತ್ತದೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ದುಡಿಮೆಯ ಬಗ್ಗೆ ಹೇಳಿದರು. ಕಲಿಕೆಗೂ ಆ ಮಾತು ಸಲ್ಲುತ್ತದೆ. ಹೆಸರು ಕೊಡಲು ಮನಸ್ಸಿದ್ದವರು ಕಚೇರಿಯಲ್ಲಿ ಬರೆಸಿ. ಏನು ಕಲಿಸಬಲ್ಲಿರಿ, ಯಾವ ಭಾನುವಾರ ಬರಬಲ್ಲಿರಿ, ಎರಡೇ ಸಾಲು ಸಾಕು. ಮೊದಲ ಭಾನುವಾರ ಹೂ ಕಟ್ಟುವುದನ್ನು ಕಲಿಸಲು ನಾನು ಬರುತ್ತೇನೆ. ಬಾಳೆನಾರು ತರುವವರು ಯಾರು, ಹೇಳಿ?